ಬೇಸ್‌ಮೆಂಟಿನ ಸೈಕಲ್ಲು, ಅಡುಗೆಮನೆಯ ಹಾಜರಿ

ಫೆಬ್ರವರಿಯ ಮೊದಲ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಕೆನಡಾದ ವಿಟ್ಬಿಯ ನಮ್ಮ ಮನೆ. ಹಾಜರಿದ್ದವರು ಇಬ್ಬರು. ಕೆಳಗೆ ಬೇಸ್‌ಮೆಂಟಿನಲ್ಲಿ ಸೈಕಲ್ಲಿನ ಮೇಲೆ ನಾನು. ಮೇಲೆ ಅಡುಗೆಮನೆಯಲ್ಲಿ, ನೆಲದಿಂದ ಬಿಸಿಗಾಳಿ ಬರುವ ಜಾಲರಿಯ ಪಕ್ಕ ಕುರ್ಚಿ ಹಾಕಿಕೊಂಡು, ನಮ್ಮ ಮನೆಯವರು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿತ್ತು.

ನನ್ನ ಸೈಕಲ್ಲಿಗೆ ಈಗ ಹಿಂದಿನ ಗಾಲಿ ಇಲ್ಲ. ಅದನ್ನು ಕಳಚಿ, ಆ ಜಾಗದಲ್ಲಿ ಟ್ರೇನರ್ ಎನ್ನುವ ಭಾರವಾದ ಯಂತ್ರವನ್ನು ಕೂರಿಸಿದ್ದಾರೆ. ಚೈನನ್ನು ಅದಕ್ಕೆ ಸಿಕ್ಕಿಸಿದ್ದಾರೆ. ಎದುರಿನ ಟಿ.ವಿ.ಯಲ್ಲಿ ಒಂದು ರಸ್ತೆ ಓಡುತ್ತದೆ. ರಸ್ತೆ ಏರಿದರೆ ಯಂತ್ರ ತಾನಾಗಿ ಪೆಡಲನ್ನು ಬಿಗಿ ಮಾಡುತ್ತದೆ, ಇಳಿದರೆ ಸಡಿಲ ಬಿಡುತ್ತದೆ. ನಾವು ನಿಂತರೆ ರಸ್ತೆಯೂ ನಿಲ್ಲುತ್ತದೆ.

ಆ ದಿನ ಏನಾಯಿತು ಎಂದು ಹೇಳುವ ಮೊದಲು ಅಲ್ಲಿಗೆ ಬಂದ ದಾರಿಯನ್ನು ಹೇಳಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ, ಎದೆನೋವು ಕಂಡವರು ತಾವೇ ಬರೆದ ಇಂಥ ಬರಹವೊಂದನ್ನು ನಾನು ಹುಡುಕಿದ್ದೆ. ಸಿಕ್ಕಿದವೆಲ್ಲ ಹೃದಯದ ಚಿತ್ರ ಬರೆದು ಬಾಣದ ಗುರುತು ಹಾಕಿದಂಥವು. ಹೃದಯ ಎಲ್ಲಿದೆ ಎಂದು ಅಷ್ಟರಲ್ಲಿ ನನಗೆ ಚೆನ್ನಾಗಿ ಗೊತ್ತಾಗಿತ್ತು.

ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಮಕ್ಕಳ ಬಾಯಲ್ಲಿ ಪಿ.ಟಿ. ಅಕ್ಕೋರು. ಬೆಳಗಿನ ಪ್ರಾರ್ಥನೆಗೆ ಸೀಟಿ ಊದಿದರೆ ಇಡೀ ಮೈದಾನ ಸಾಲಾಗಿ ನಿಲ್ಲುತ್ತಿತ್ತು. ಮಗಳು ಪಲ್ಲವಿ ಚಿಕ್ಕವಳಿದ್ದಾಗ ಕೆನಡಾಕ್ಕೆ ಬಂದೆವು. ಇಲ್ಲಿ ಶಾಲೆಯ ಮುಂದಿನ ರಸ್ತೆಯಲ್ಲಿ ‘ನಿಲ್ಲಿ’ ಎಂಬ ಫಲಕ ಹಿಡಿದು ಮಕ್ಕಳನ್ನು ದಾಟಿಸುವ ಕೆಲಸ ಸಿಕ್ಕಿತು. ನಿವೃತ್ತಿಯವರೆಗೂ ಅದನ್ನೇ ಮಾಡಿದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ದಿನಾ ಬೆಳಿಗ್ಗೆ ಸರೋವರದ ದಂಡೆಯ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದೆ. ದಾರಿಯ ಕೊನೆಯಲ್ಲಿ ಒಂದು ಬೆಂಚು. ಅದನ್ನು ಮುಟ್ಟಿ ತಿರುಗಬೇಕು. ಅರ್ಧಕ್ಕೆ ತಿರುಗಿದ್ದಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ಬೆಂಚು ಇನ್ನೂ ದೂರವಿರುವಾಗಲೇ ಎದೆಯ ಮೇಲೆ ಯಾರೋ ಅಂಗೈ ಇಟ್ಟು ಒತ್ತಿದ ಹಾಗಾಯಿತು. ಆಮೇಲೆ ದವಡೆ ಹಿಡಿಯಿತು. ಹಿಂದಿನ ದಿನದ ಮಿರ್ಚಿ ಭಜಿಯ ವಾಯು ಎಂದುಕೊಂಡೆ. ಬೆಂಚು ಮುಟ್ಟಿಯೇ ತಿರುಗಿದೆ. ಮನೆಗೆ ಬಂದು ಓಮಿನ ನೀರು ಕುಡಿದೆ. ನಮ್ಮ ಮನೆಯವರು ನನ್ನ ಮುಖ ನೋಡಿದವರೇ ಕಾರಿನ ಕೀಲಿ ತೆಗೆದುಕೊಂಡರು. ‘ಆಂಬುಲೆನ್ಸಿಗೆ ಫೋನ್ ಮಾಡಬೇಕಾಗಿತ್ತು’ ಎಂದು ಆಮೇಲೆ ಎಲ್ಲರೂ ಬೈದರು. ಬೈದದ್ದು ಸರಿ. ಓದುವವರು ನಮ್ಮ ಹಾಗೆ ಕಾರು ತೆಗೆಯಬೇಡಿ.

ತುರ್ತು ವಿಭಾಗದ ನರ್ಸು ಕೆಲಸದಲ್ಲಿ ಚುರುಕಾಗಿದ್ದಳು, ನನಗೆ ಹಿಡಿಸಿದಳು. ಕೈಗೆ ಪಟ್ಟಿ ಕಟ್ಟುತ್ತಾ ಕೇಳಿದಳು.

“ಜೊತೆಗೆ ಯಾರು ಬಂದಿದ್ದಾರೆ?”

“ನನ್ನ ಗಂಡ.”

“ಅವರ ಹೆಸರು?”

ನಮ್ಮ ಕಡೆ ನನ್ನ ವಯಸ್ಸಿನವರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹಟ ಹಿಡಿದರೆ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಸೇರಿಸಿ ಹೇಳಿ ಓಡಿಬಿಡುವುದು. ಆಯುಷ್ಯ ಕಡಿಮೆಯಾಗುತ್ತದೆ ಎಂದೆಲ್ಲ ನಾನು ನಂಬಿದವಳಲ್ಲ. ಬ್ಯಾಂಕಿನಲ್ಲಿ, ಪಾಸ್‌ಪೋರ್ಟಿನಲ್ಲಿ ನಾನೇ ಬರೆದಿದ್ದೇನೆ. ಬಾಯಲ್ಲಿ ಮಾತ್ರ ಬರುವುದಿಲ್ಲ. ಅದೂ ಒಂದು ಶಿಸ್ತು, ಅಷ್ಟೆ.

ನಾನು ಅವರತ್ತ ಬೆರಳು ತೋರಿಸಿದೆ. “ಅವರನ್ನೇ ಕೇಳಿ.”

ನರ್ಸು ನನ್ನ ಮುಖವನ್ನೇ ನೋಡಿದಳು. ಈ ಸಲ ನಿಧಾನವಾಗಿ, ಮಕ್ಕಳಿಗೆ ಕೇಳುವ ಹಾಗೆ, “ಇವರ ಹೆಸರು ನೆನಪಿದೆಯಾ?” ಎಂದಳು.

“ನೆನಪಿದೆ.”

“ಹಾಗಾದರೆ ಹೇಳಿ.”

“ಹೇಳುವುದಿಲ್ಲ.”

ನಮ್ಮ ಮನೆಯವರು ಬಾಯಿ ತೆರೆದರು. ಅವಳು ಕೈಯೆತ್ತಿ ಅವರನ್ನು ತಡೆದಳು. ಇದು ನನ್ನ ಪರೀಕ್ಷೆ. ಎರಡೂ ಕೈ ಮೇಲೆತ್ತಿ, ನಗಿ, ನಾಲಿಗೆ ಚಾಚಿ ಎಂದಳು. ಎದೆನೋವಿನ ಜೊತೆ ಮೆದುಳಿಗೂ ಏನೋ ಆಗಿದೆ ಎಂದು ಇನ್ನೊಬ್ಬ ಡಾಕ್ಟರನ್ನು ಕರೆದಳು. ಅಷ್ಟರಲ್ಲಿ ಹತ್ತಿರದ ಊರು ಮಾರ್ಕಮ್‌ನ ಆಫೀಸಿನಿಂದ ಪಲ್ಲವಿ ಫೋನಿನಲ್ಲಿ ಸಿಕ್ಕಳು. ಸ್ಪೀಕರಿನಲ್ಲಿ ಅವಳ ಕೂಗು ಪರದೆಯಾಚೆಯ ರೋಗಿಗಳಿಗೂ ಕೇಳಿರಬೇಕು.

“ಶೀ ನೋಸ್ ಇಟ್! ಅಮ್ಮಗ ಗೊತ್ತೈತಿ! ಶೀ ಜಸ್ಟ್ ವೋಂಟ್ ಸೇ ಇಟ್! ಅಮ್ಮಾ, ಪ್ಲೀಸ್, ಇವತ್ತೊಂದು ದಿನ ಹೇಳು!”

ನಾನು ಹೇಳಲಿಲ್ಲ. ನರ್ಸಿನ ಭುಜ ಮಾತ್ರ ಸಡಿಲವಾಯಿತು. ಹೊರಗೆ ಹೋಗಿ ಬಿಸಿ ಮಾಡಿದ ಹೊದಿಕೆಯೊಂದನ್ನು ತಂದು ನನಗೆ ಹೊದಿಸಿದಳು. ಆಗತಾನೇ ಬಿಸಿಲಿನಿಂದ ತೆಗೆದ ಕೌದಿಯ ಹಾಗಿತ್ತು. ಆ ದಿನದಲ್ಲಿ ಹಿತವಾದದ್ದು ಅದೊಂದೇ.

ಹೃದಯಾಘಾತ ಎಂದರು. ಅಂದೇ ಮಣಿಕಟ್ಟಿನ ನಾಳದಿಂದ ತಂತಿ ತೂರಿಸಿ ಎರಡು ಸ್ಟೆಂಟು ಹಾಕಿದರು. ನಾನು ಎಚ್ಚರವಾಗಿಯೇ ಇದ್ದೆ. ಡಾಕ್ಟರು ಒಳಗೆ ಬಂದು ವಿಷಯ ಹೇಳಿದಾಗ, ಅಷ್ಟರಲ್ಲಿ ಬಂದು ಸೇರಿದ್ದ ಪಲ್ಲವಿ ಅತ್ತಳು. ನಮ್ಮ ಮನೆಯವರು ಅಳಲಿಲ್ಲ. ನನ್ನ ಚಪ್ಪಲಿಗಳನ್ನು ಮಂಚದ ಕೆಳಗೆ ಜೋಡಿಸಿ ಇಟ್ಟರು. ಮತ್ತೆ ತೆಗೆದು ಮತ್ತೆ ಜೋಡಿಸಿದರು. ಯಾವತ್ತೂ ಚಪ್ಪಲಿ ಜೋಡಿಸಿಟ್ಟವರಲ್ಲ.

ಅವರ ಬಗ್ಗೆ ಒಂದು ವಿಷಯ ಹೇಳಬೇಕು. ಪ್ರತಿ ಶನಿವಾರ ಮಾರ್ಕಮ್‌ನ ಸಮುದಾಯ ಭವನದಲ್ಲಿ ಅವರ ಕೇರಂ ಕೂಟ. ಎಲ್ಲ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ನಿವೃತ್ತರು. ವಿಟ್ಬಿಯಲ್ಲೇ ಇರುವ ಗೆಳೆಯ ದೇಸಾಯರು ಬಂದು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಮನೆಯವರಿಗೆ ಕಾಯಿ ಹೊಡೆಯಲು ತಮ್ಮದೇ ಒಂದು ಸ್ಟ್ರೈಕರ್ ಇದೆ, ಹಳದಿ ಬಣ್ಣದ್ದು, ಧಾರವಾಡದಿಂದ ತಂದದ್ದು. ಮನೆಯಲ್ಲಿ ಮಾತು ಕಡಿಮೆ. ಅಲ್ಲಿ ಬಹಳ ಎಂದು ಕೇಳಿದ್ದೇನೆ. ನನಗೆ ಕಾಯಿಲೆಯಾದ ದಿನದಿಂದ ಆ ಸ್ಟ್ರೈಕರ್ ಬಾಗಿಲ ಬಳಿಯ ಕೀಲಿಗಳ ಬಟ್ಟಲಿನಲ್ಲಿ ಬಿತ್ತು. ನಾನು ಬಚ್ಚಲಿಗೆ ಹೋದರೆ ಹೊರಗೆ ನಿಂತು ಕೆಮ್ಮುವುದು, ಮಧ್ಯಾಹ್ನ ಮಲಗಿದರೆ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವುದು. ಕಣ್ಣು ಮುಚ್ಚಿಕೊಂಡೇ “ಇದ್ದೀನ್ರಿ” ಎನ್ನುತ್ತಿದ್ದೆ. ನನ್ನ ಹೃದಯ ರಿಪೇರಿಯಾಗಿತ್ತು. ಅವರನ್ನು ಮತ್ತೆ ಮನೆಯಿಂದ ಹೊರಗೆ ಕಳಿಸುವುದೇ ಉಳಿದ ಕೆಲಸ ಎಂದು ನನಗೆ ಆಗಲೇ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಆಸ್ಪತ್ರೆಯ ವ್ಯಾಯಾಮದ ತರಗತಿ ಶುರುವಾಯಿತು. ಅಲ್ಲಿನ ಕಾಯುವ ಕೋಣೆಯಲ್ಲಿ ನಾವೆಲ್ಲ ಎದೆ ಹಿಡಿದುಕೊಂಡವರು ಸಾಲಾಗಿ ಕೂತಿರುತ್ತಿದ್ದೆವು. ಟಿ.ವಿ.ಯಲ್ಲಿ ಹಾಕಿ ಆಟ, ಧ್ವನಿ ಇಲ್ಲದೆ. ಪಕ್ಕದ ಕುರ್ಚಿ ಯಾವಾಗಲೂ ಒಬ್ಬ ಪಂಜಾಬಿ ಹಿರಿಯರದು. ಲಾರಿ ಓಡಿಸಿ ನಿವೃತ್ತರಾದವರು, ಬೈಪಾಸ್ ಆಗಿದೆ. ನನ್ನನ್ನು ‘ಬೆಹನ್‌ಜೀ’ ಎನ್ನುತ್ತಿದ್ದರು. ಫಿಜಿಯೋಥೆರಪಿಸ್ಟ್ ಚಿಕ್ಕ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ಮಕ್ಕಳ ವಯಸ್ಸು. ಅವಳು ಒಂದೇ ನಿಯಮ ಹೇಳಿದಳು. ನಿಮ್ಮ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಅದಕ್ಕೆ ಕೈಗಡಿಯಾರದ ಅಂಕಿಯೊಂದನ್ನೇ ನಂಬಬೇಡಿ. ತುಳಿಯುತ್ತಾ ಸಲೀಸಾಗಿ ಮಾತಾಡಲು ಬಂದರೆ ಸರಿ. ಮಾತು ತುಂಡಾದರೆ ನಿಧಾನ ಮಾಡಿ.

ಡಿಸೆಂಬರಿನಲ್ಲಿ ಹಿಮ ಬಿದ್ದು ರಸ್ತೆ ಕಟ್ಟಿತು. ತರಗತಿಯಿಲ್ಲದ ದಿನಗಳಿಗೆಂದು ಪಲ್ಲವಿ ಈ ಟ್ರೇನರ್ ತಂದು ನನ್ನ ಸೈಕಲ್ಲಿಗೆ ಜೋಡಿಸಿದಳು.

“ಎಲ್ಲಾ ಸೆಟ್ ಐತಿ ಅಮ್ಮಾ. ಯು ಜಸ್ಟ್ ಪೆಡಲ್.”

ಟಿ.ವಿ.ಯಲ್ಲಿ ಸಮುದ್ರದ ನಡುವಿನ ಒಂದು ದ್ವೀಪ. ಭೂಪಟದಲ್ಲಿ ಇಲ್ಲದ್ದು. ಹತ್ತಾರು ದೇಶಗಳ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಅಲ್ಲಿ ಸೈಕಲ್ ಓಡಿಸುತ್ತಿದ್ದರು. ನನ್ನ ಬದಲಿಗೆ ಒಬ್ಬ ತೆಳ್ಳನೆಯ ಹುಡುಗಿ, ಕುದುರೆಬಾಲ ಕಟ್ಟಿಕೊಂಡು.

“ಇದು ಯಾರು?”

“ನೀನೇ.”

“ನನ್ನ ಕೂದಲು ಬಿಳಿ ಮಾಡು. ತುರುಬು ಹಾಕು.”

“ತುರುಬು ಆಪ್ಷನ್ ಇಲ್ಲ ಅಮ್ಮಾ.” ಬಿಳಿ ಮಾಡಿಕೊಟ್ಟಳು.

ಅಲ್ಲಿನ ಜನಕ್ಕೆ ಶಿಸ್ತಿಲ್ಲ. ಎಡಬಲ ನೋಡುವುದಿಲ್ಲ, ಒಬ್ಬರ ಮೈಯೊಳಗೇ ಇನ್ನೊಬ್ಬರು ತೂರಿ ಹೋಗುತ್ತಾರೆ. ಆದರೆ ಹೋಗುವಾಗ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ನಾನೂ ತಪ್ಪದೆ ತೋರಿಸಿದೆ.

ಒಂದು ವಾರ ಹೀಗೆ ಚೆನ್ನಾಗಿ ನಡೆಯಿತು. ನಮ್ಮ ಮನೆಯವರು ಒಂದು ಸಂಜೆ ಬಟ್ಟಲಿನಿಂದ ಸ್ಟ್ರೈಕರ್ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಈ ಶನಿವಾರ ಹೋಗಿ ಬರಲೇನು?” ಎಂದರು. ನಾನು ಹೆಚ್ಚು ಸಂತೋಷ ತೋರಿಸಲಿಲ್ಲ. ತೋರಿಸಿದರೆ ಅನುಮಾನ ಬರುತ್ತದೆ.

ಶುಕ್ರವಾರ ನಾನೇ ಕೆಡಿಸಿದೆ. ದ್ವೀಪದಲ್ಲಿ ಸುಮ್ಮನೆ ಅಲೆಯುವುದು ನನಗೆ ಒಗ್ಗಲಿಲ್ಲ. ಅದಕ್ಕೆ ಆದಿ ಅಂತ್ಯವಿಲ್ಲ. ಪಟ್ಟಿಯಲ್ಲಿ ವ್ಯಾಯಾಮದ ಪಾಠಗಳಿದ್ದವು. ಒಂದನ್ನು ಒತ್ತಿದೆ. ಅದರಲ್ಲಿ ಏರಿಳಿತವಿಲ್ಲ, ಯಂತ್ರವೇ ಇಷ್ಟು ಶಕ್ತಿ ಹಾಕು ಎಂದು ಗುರಿ ಕೊಡುತ್ತದೆ. ನೀವು ಎಷ್ಟೇ ನಿಧಾನ ಮಾಡಿದರೂ ಗುರಿ ಬಿಡುವುದಿಲ್ಲ. ಕಾಲು ನಿಧಾನವಾದಷ್ಟೂ ಪೆಡಲು ಇನ್ನಷ್ಟು ಭಾರವಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆ: ಕವಾಯತು ನಡೆಯುವಾಗ ಮಾತಾಡಬಾರದು, ಸೀಟಿ ಆಗುವ ಮೊದಲು ನಿಲ್ಲಬಾರದು. ಬಾಯಿ ಮುಚ್ಚಿ ತುಳಿದೆ. ಸುಸ್ತಾಗಿ ನಿಧಾನ ಮಾಡಿದೆ; ಭಾರವಾಯಿತು. ಇನ್ನೂ ನಿಧಾನ, ಇನ್ನೂ ಭಾರ. ಕೊನೆಗೆ ಪೆಡಲು ಕಲ್ಲಿನ ಹಾಗೆ ನಿಂತುಬಿಟ್ಟಿತು. ಕಣ್ಣಿಗೆ ಕತ್ತಲೆ ಬಂತು. ಹ್ಯಾಂಡಲಿನ ಮೇಲೆ ತಲೆಯಿಟ್ಟು ಬಗ್ಗಿದೆ.

ಮೇಲಿದ್ದವರಿಗೆ ಯಂತ್ರದ ಸದ್ದು ನಿಂತದ್ದು ಕೇಳಿತು. ಮೆಟ್ಟಿಲಿಳಿದು ಬಂದಾಗ ಅವರ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು.

“ಸರೋಜಾ!”

“ಏನೂ ಆಗಿಲ್ಲ. ನಿಂತ್ಕೋರಿ.”

ಏನೂ ಆಗಿರಲಿಲ್ಲ ನಿಜ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ರಕ್ತ ತೆಗೆದರು, ಇಡೀ ಮಧ್ಯಾಹ್ನ ಕೂರಿಸಿ ಕಳಿಸಿದರು. ಆದರೆ ಮನೆಗೆ ಬಂದ ಕೂಡಲೇ ನಮ್ಮ ಮನೆಯವರು ಜೇಬಿನಿಂದ ಸ್ಟ್ರೈಕರ್ ತೆಗೆದು ಬಟ್ಟಲಿಗೆ ಹಾಕಿದರು. ಆ ಸದ್ದು ನನಗೆ ಹಿಡಿಸಲಿಲ್ಲ.

ಮುಂದಿನ ತರಗತಿಯಲ್ಲಿ ಫಿಜಿಯೋ ಕೇಳಿದಳು, “ಆಗ ನೀವು ಮಾತಾಡುತ್ತಿದ್ದಿರಾ?”

“ಯಾರ ಜೊತೆ ಮಾತಾಡಲಿ? ಬೇಸ್‌ಮೆಂಟಿನಲ್ಲಿ ಯಾರೂ ಇಲ್ಲ.”

ಪಂಜಾಬಿ ಹಿರಿಯರು ಪಕ್ಕದ ಯಂತ್ರದಿಂದ ನಕ್ಕರು. “ಬೆಹನ್‌ಜೀ, ಅದು ಮಶೀನು, ಥಾನೇದಾರ್ ಅಲ್ಲ. ಹೇಳಿದ್ದೆಲ್ಲ ಮಾಡಬೇಕು ಅಂತ ಇಲ್ಲ.” ಪೊಲೀಸು ಅಲ್ಲ ಎಂದು ಅವರ ಅರ್ಥ.

ಮಾತಾಡಬೇಕು ಎನ್ನುವುದು ಆಜ್ಞೆಯಾದರೆ ಅದಕ್ಕೂ ಒಂದು ಕ್ರಮ ಬೇಕು. ಹರಟೆ ನನಗೆ ಬರುವುದಿಲ್ಲ. ಯೋಚಿಸಿ ಹಾಜರಿ ಕರೆಯುವುದು ಎಂದು ನಿಶ್ಚಯಿಸಿದೆ. ತಾಲ್ಲೂಕು ಮಟ್ಟಕ್ಕೆ ಹೋದ ನನ್ನ ಕೊನೆಯ ಕವಾಯತು ತಂಡದ ಹೆಸರುಗಳು ಇನ್ನೂ ಬಾಯಲ್ಲಿವೆ. ಮರುದಿನ ಪೆಡಲು ತುಳಿಯುತ್ತಾ, ಮೈದಾನದ ಕೊನೆಗೆ ಕೇಳುವ ಹಾಗೆ ಶುರು ಮಾಡಿದೆ.

“ಅಕ್ಕಮಹಾದೇವಿ ಅಂಗಡಿ!”

ಬಿಸಿಗಾಳಿಯ ಕೊಳವೆಯೊಳಗಿಂದ, ತಗಡಿನ ಡಬ್ಬಿಯಲ್ಲಿ ಕೂತು ಹೇಳಿದ ಹಾಗೆ, ಉತ್ತರ ಬಂತು.

“ಹಾಜರ್ ರೀ ಅಕ್ಕೋರ!”

ಪೆಡಲು ಒಂದು ಸುತ್ತು ತಪ್ಪಿತು. ಬೇಸ್‌ಮೆಂಟಿನ ಸದ್ದು ಜಾಲರಿಯಿಂದ ಅಡುಗೆಮನೆಗೆ ಹೋಗುತ್ತದೆ ಎಂದು ಗೊತ್ತಿತ್ತು. ಅಲ್ಲಿ ಮೂಲಂಗಿ ಹೆಚ್ಚುತ್ತಿದ್ದ ನಮ್ಮ ಮನೆಯವರು ಉತ್ತರ ಕೊಡುತ್ತಾರೆ ಎಂದು ಗೊತ್ತಿರಲಿಲ್ಲ.

“ಅನಸೂಯಾ ಬಡಿಗೇರ!”

“ಹಾಜರ್ ರೀ!”

“ಮೆಹಬೂಬಿ ನದಾಫ!”

“ಜ್ವರ ಬಂದಾವಂತ್ರಿ ಅಕ್ಕೋರ, ಸೂಟಿ ಚೀಟಿ ಕಳಿಸ್ಯಾಳ!”

ಹೀಗೆ ಜನವರಿ ಪೂರ್ತಿ ನಡೆಯಿತು. ಏರಿನಲ್ಲಿ ಹೆಸರು ತುಂಡಾದರೆ ನಾನು ನಿಧಾನ ಮಾಡುತ್ತಿದ್ದೆ. ಎರಡು ಹೆಸರುಗಳ ನಡುವೆ ಬಿಡುವು ಹೆಚ್ಚಾದರೆ ಮೇಲೆ ಕುರ್ಚಿ ಕಿರ್ರೆನ್ನುತ್ತಿತ್ತು; ನಾನು ತಕ್ಷಣ ಮುಂದಿನ ಹೆಸರು ಕೂಗುತ್ತಿದ್ದೆ. ಪಲ್ಲವಿ ಒಂದು ದಿನ ಬಂದು ಇದನ್ನು ಕೇಳಿ, “ಯು ಗೈಸ್ ಆರ್ ಸೋ ವಿಯರ್ಡ್” ಎಂದು ಹೇಳಿ, ಶಾಂತವ್ವ ತಳವಾರಳ ಪರವಾಗಿ ತಾನೂ ಒಮ್ಮೆ ‘ಹಾಜರ್’ ಎಂದು ಹೋದಳು.

ತಿಂಗಳ ಕೊನೆಗೆ ಫಿಜಿಯೋ, ಇನ್ನು ಮನೆಯಲ್ಲಿ ಒಬ್ಬರೇ ಇರಬಹುದು, ಒಬ್ಬರೇ ತುಳಿಯಬಹುದು, ಫೋನು ಕೈಗೆ ಸಿಗುವ ಹಾಗಿರಲಿ ಎಂದಳು. ನಮ್ಮ ಮನೆಯವರು ತಲೆಯಾಡಿಸಿ ಕೇಳಿಸಿಕೊಂಡರು. ಶನಿವಾರ ಬಂದಾಗ, “ಮುಂದಿನ ವಾರ ನೋಡೋಣು” ಎಂದರು. ಕುರ್ಚಿ ಜಾಲರಿಯ ಪಕ್ಕವೇ ಉಳಿಯಿತು.

ಈಗ ಮೊದಲು ಹೇಳಿದ ಆ ಶನಿವಾರಕ್ಕೆ ಬರುತ್ತೇನೆ. ಹಾಜರಿ ಅರ್ಧಕ್ಕೆ ಬಂದಿತ್ತು. ಟಿ.ವಿ.ಯಲ್ಲಿ ದ್ವೀಪದ ದೊಡ್ಡ ಏರು ಶುರುವಾಗಿತ್ತು. ಹೊರಗೆ ಕಾರಿನ ಹಾರ್ನು ಕೇಳಿತು.

“ದೇಸಾಯರು ಬಂದ್ರು ನೋಡ್ರಿ,” ಎಂದೆ.

“ಬರಲಿ. ಚಾ ಕುಡಿದು ಹೋಗ್ತಾರ.”

“ಅವರು ಚಾ ಕುಡ್ಯಾಕ ಬಂದಿಲ್ಲ. ನಿಮ್ಮನ್ನ ಕರಕೊಂಡು ಹೋಗಾಕ ಬಂದಾರ. ನಾನೇ ಫೋನ್ ಮಾಡಿ ಕರಿಸೀನಿ.”

“ನನ್ನನ್ನ ಒಂದ ಮಾತು ಕೇಳಬಾರದಿತ್ತೇನು?”

“ಕೇಳಿದ್ರ ಏನಂತೀರಿ? ಮುಂದಿನ ವಾರ ಅಂತೀರಿ. ನಿಮ್ಮ ಮುಂದಿನ ವಾರ ಬರೂದ್ರಾಗ ಹಿಮ ಕರಗಿ ಹುಲ್ಲು ಬರ್ತೈತಿ. ಬಚ್ಚಲಕ್ಕ ಹೋದ್ರ ಹೊರಗ ಕೆಮ್ಮತೀರಿ. ಮಲಕೊಂಡ್ರ ಮೂಗಿಗೆ ಕೈ ಹಿಡೀತೀರಿ. ನಾನು ಎದೀಗೆ ಸ್ಟೆಂಟ್ ಹಾಕಿಸ್ಕೊಂಡೀನಿ, ನೀವು ಕುರ್ಚಿಗೆ ಅಂಟಿಕೊಂಡೀರಿ. ಡಾಕ್ಟರ್ ನನಗ ಸೈಕಲ್ ತುಳಿ ಅಂದಾರ, ನಿಮಗ ಕಾವಲು ಕೂಡು ಅಂತ ಯಾರು ಹೇಳ್ಯಾರ? ಅಲ್ಲೆ ನಾಕ ಮಂದಿ ಕೇರಂ ಬೋರ್ಡಿನ ಮುಂದ ನಿಮ್ಮ ಹಾದಿ ಕಾಯಾಕತ್ತಾರ. ಇಲ್ಲೆ ನೀವು ದಿನಾ ಮೂಲಂಗಿ ಹೆಚ್ಚಿ ಹೆಚ್ಚಿ ನನಗ ಮೂಲಂಗಿ ಕಂಡ್ರ ಸಿಟ್ಟು ಬರಾಕತ್ತೈತಿ!”

ಮೂಲಂಗಿ ಹೆಚ್ಚುವ ಚಾಕುವಿನ ಸದ್ದು ನಿಂತಿತು. ಕೊಳವೆಯಲ್ಲಿ ದನಿ ಬಂತು, ಮೆಲ್ಲಗೆ.

“ಸರೋಜಾ, ಈಗ ಎಲ್ಲಿದ್ದೀ?”

“ಎಲ್ಲಿರ್ತೀನಿ? ಬೇಸ್‌ಮೆಂಟಿನ್ಯಾಗ.”

“ಅದಲ್ಲ. ಆ ಟಿ.ವಿ.ಯಾಗ. ಏರಿಗೆ ಬಂದೀಯೇನು?”

ನಾನು ನೋಡಿದೆ. ಬಿಳಿ ಕೂದಲಿನ ಹುಡುಗಿ ಏರಿನ ತುದಿಯಲ್ಲಿದ್ದಳು.

“ಏರು ಮುಗೀತು.”

“ಅಷ್ಟೂ ಬೈದದ್ದು ಏರಿನ್ಯಾಗೇನು?”

“ಹೌದು.”

“ಉಸಿರು?”

“ಐತಿ. ಇನ್ನಷ್ಟು ಬೈಲೇನು?”

“ಬ್ಯಾಡ ತಾಯಿ, ಸಾಕು. ನನ್ನ ದಪ್ಪ ಕೋಟು ಎಲ್ಲೈತಿ?”

“ಬಾಗಿಲ ಹಿಂದ. ಟೊಪ್ಪಿಗೀನೂ ಹಾಕ್ಕೋರಿ.”

ಕೋಟಿನ ಜಿಪ್ಪು, ಬೂಟು, ಬಟ್ಟಲಿನಲ್ಲಿ ಕೀಲಿಗಳ ಸದ್ದು. ಬಾಗಿಲು ಮುಚ್ಚಿತು. ಕಾರು ಹಿಮದ ಮೇಲೆ ಕರಕರ ಎನ್ನುತ್ತಾ ಹಿಂದೆ ಸರಿದು ಹೋಯಿತು. ಅಕ್ಟೋಬರಿನ ನಂತರ ಮೊದಲ ಸಲ ಮನೆಯಲ್ಲಿ ನಾನೊಬ್ಬಳೇ.

ನಾನು ಹಾಜರಿ ಮುಂದುವರಿಸಿದೆ. ಹೆಸರು ಕೊಳವೆಯೊಳಗೆ ಹೋಗಿ ಅಲ್ಲೇ ಉಳಿಯಿತು. ಮತ್ತೊಂದು ಕೂಗಿದೆ. ಉತ್ತರವಿಲ್ಲ. ಎದೆ ಹೊಡೆದುಕೊಳ್ಳುವುದು ನನಗೇ ಕೇಳಿತು. ಅದು ತುಳಿದದ್ದಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ. ಇಷ್ಟು ದಿನ ಹೆದರಿದ್ದು ಅವರು, ಕಾವಲು ಅವರಿಗಾಗಿ ಎಂದುಕೊಂಡಿದ್ದೆ. ಸ್ಟೂಲಿನ ಮೇಲಿನ ಫೋನು ನೋಡಿದೆ. ಅದು ಅಲ್ಲೇ ಇತ್ತು. ನಿಧಾನ ಮಾಡಿದೆ. ಯಂತ್ರವೂ ಸಡಿಲ ಬಿಟ್ಟಿತು. ಹೆಸರುಗಳನ್ನು ಒಂದೊಂದಾಗಿ, ತುಂಡಾಗದ ಹಾಗೆ, ಕೊನೆಯವರೆಗೂ ಕರೆದೆ. ಯಾರೋ ದೂರದೇಶದವನು ಪಕ್ಕದಲ್ಲಿ ಹಾದುಹೋಗುತ್ತಾ ಹೆಬ್ಬೆರಳು ಎತ್ತಿದ. ನಾನೂ ಎತ್ತಿದೆ.

ಪಟ್ಟಿ ಮುಗಿದಿತ್ತು. ಉಸಿರು ಇನ್ನೂ ಇತ್ತು. ಇನ್ನೊಂದು ಹೆಸರು ಕರೆದೆ. ಒಡಪಿಲ್ಲ, ಪ್ರಾಸವಿಲ್ಲ, ಮೈದಾನದ ಕೊನೆಗೆ ಕೇಳುವ ದನಿ.

“ಗುರುಪಾದಪ್ಪ!”

ಕೊಳವೆಯಲ್ಲಿ ಬಿಸಿಗಾಳಿ ಬೀಸುವ ಸದ್ದು ಮಾತ್ರ.

“ಗೈರುಹಾಜರ್,” ಎಂದೆ.

ಪೆಡಲು ಪೂರ್ತಿ ಹಗುರವಾಗುವವರೆಗೆ ತುಳಿದು ಇಳಿದೆ. ಹ್ಯಾಂಡಲಿನ ಬೆವರು ಒರೆಸಿ, ಸ್ವಿಚ್ಚು ಆರಿಸಿ, ಟವೆಲು ಒಣಹಾಕಿ, ಮೇಲೆ ಬಂದು ಮಾತ್ರೆ ನುಂಗಿದೆ. ಬಟ್ಟಲಿನಲ್ಲಿ ಸ್ಟ್ರೈಕರ್ ಇರಲಿಲ್ಲ. ಅರ್ಧ ಹೆಚ್ಚಿದ ಮೂಲಂಗಿ ಹಲಗೆಯ ಮೇಲೆ ಹಾಗೇ ಇತ್ತು, ಅದನ್ನು ಮುಗಿಸಿದೆ. ಅವರು ಬಂದಾಗ ಕತ್ತಲಾಗಿತ್ತು. ಮೂಗು ಕೆಂಪಗಿತ್ತು, ದನಿ ಒಡೆದಿತ್ತು.

“ಗೆದ್ರೇನು?”

“ಎಲ್ಲಾ ಸೋತೆ. ಕೈ ಕೆಟ್ಟೈತಿ. ದೇಸಾಯಿ ಆಟ ಆಡೂದಿಲ್ಲ, ಬರೇ ಬಾಯಿ.” ಊಟ ಮುಗಿಯುವವರೆಗೂ ದೇಸಾಯರನ್ನು ಬೈದರು. ಕೀಲಿ ಬಟ್ಟಲಿಗೆ ಹಾಕಿದವರು ಸ್ಟ್ರೈಕರನ್ನು ಕೋಟಿನ ಜೇಬಿನಲ್ಲೇ ಬಿಟ್ಟಿದ್ದರು. ನನ್ನ ಉಸಿರಿನ ವಿಷಯ ಕೇಳಲು ಮರೆತರು. ನಾನು ನೆನಪಿಸಲಿಲ್ಲ.

ಪಾತ್ರೆ ತೊಳೆದಿಟ್ಟೆ. ಆಮೇಲೆ ಜಾಲರಿಯ ಪಕ್ಕದ ಕುರ್ಚಿಯನ್ನು ಎತ್ತಿ ಊಟದ ಮೇಜಿನ ಬಳಿ ಒಯ್ದು, ಅದರ ಜಾಗದಲ್ಲಿ ಸಾಲಿಗೆ ಸರಿಯಾಗಿ ನಿಲ್ಲಿಸಿದೆ.